ಗೊರಬು ಹೊದ್ದ ಮನೆಗಳು

ಜುಲೈ ತಿಂಗಳ ಒಂದು ಮಧ್ಯಾಹ್ನ, ಕುಂದಾಪುರದಲ್ಲಿ ಸೋದರಮಾವನ ಮನೆ. ಒಣಗಲು ಹಾಕಿದ್ದ ಬಟ್ಟೆ ತರಲೆಂದು ಟೆರೇಸು ಹತ್ತಿದವನು ಬಟ್ಟೆ ಮರೆತು ನಿಂತುಬಿಟ್ಟೆ. ಮಳೆ ಅಂದರೆ ಮಳೆ, ಪಕ್ಕದ ಹಿತ್ತಿಲ ತೆಂಗಿನಮರವೂ ಕಾಣದಂಥ ಮಳೆ. ನಡುನಡುವೆ ಅದು ಉಸಿರು ತೆಗೆದುಕೊಳ್ಳುವಾಗ ಊರು ಕಾಣುತ್ತದೆ, ಮತ್ತೆ ಮುಚ್ಚಿಹೋಗುತ್ತದೆ. ಹಾಗೆ ಊರು ಕಂಡ ಒಂದು ಗಳಿಗೆಯಲ್ಲಿ ಗಮನಿಸಿದೆ: ನಾನು ನಿಂತ ಟೆರೇಸಿನ ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟಿನ ಮಾಡು ಹಾಕಿದ್ದಾರೆ. ಪಕ್ಕದ ಮನೆಗೂ ಹಾಕಿದ್ದಾರೆ. ಅದರಾಚೆಯದಕ್ಕೂ. ಎದುರಿನ ಅಂಗಡಿ ಸಾಲಿಗೂ, ಮೂಲೆಯ ಮೂರು ಮಾಳಿಗೆಯ ಕಟ್ಟಡಕ್ಕೂ. ಕಣ್ಣು ಹೋದಷ್ಟು ದೂರ ಬೋಳು ಟೆರೇಸು ಹುಡುಕಿದೆ, ಸಿಗಲಿಲ್ಲ! ಲಕ್ಷಗಟ್ಟಲೆ ಸುರಿದು ಕಾಂಕ್ರೀಟಿನ ಚಪ್ಪಟೆ ಮಾಡು ಹಾಕಿಸಿಕೊಂಡ ಊರು, ಮತ್ತೆ ದುಡ್ಡು ಸುರಿದು ಅದರ ನೆತ್ತಿಗೆ ಇಳಿಜಾರು ಮಾಡು ಹೊದಿಸಿಕೊಂಡು ಕೂತಿದೆ. ಇಪ್ಪತ್ತು ವರ್ಷದಿಂದ ಬಂದು ಹೋಗುತ್ತಿದ್ದೇನೆ, ಇದೆಲ್ಲ ಎಲ್ಲಿತ್ತು ನನ್ನ ಕಣ್ಣಿಗೆ?

"ಎಂತ ಕಾಂತೆ ಮಾರಾಯ ಅಲ್ಲಿ?" ಮೆಟ್ಟಿಲ ಬುಡದಿಂದ ಮಾವನ ದನಿ. ಹೇಳಿದೆ. ಅವರಿಗೆ ಇದರಲ್ಲಿ ಬೆರಗಾಗುವಂಥದ್ದು ಏನೂ ಕಾಣಲಿಲ್ಲ. "ಗೊರ್ಬ್ ಹಾಕ್ದೆ ಯಾರಾರೂ ನೆಟ್ಟಿಗ್ ಇಳಿತ್ರಾ? ಮನಿಗೂ ಅಷ್ಟೇ."

ಗೊರಬು ಕಂಡವರಿಗೆ ಹೇಳಬೇಕಾಗಿಲ್ಲ. ಕಾಣದವರಿಗೆ: ಬಿದಿರ ಸಲಕೆಯ ಚೌಕಟ್ಟಿಗೆ ಎಲೆ ಹೊದಿಸಿ ನೇಯ್ದ, ತಲೆಯಿಂದ ಸೊಂಟದ ಕೆಳಗಿನವರೆಗೆ ಬೆನ್ನಿಗೆ ಕವುಚಿಕೊಳ್ಳುವ ಅರ್ಧ ಚಿಪ್ಪು. ಗದ್ದೆಯಲ್ಲಿ ಬಗ್ಗಿ ನೇಜಿ ನೆಡುವ ಹೆಂಗಸರು ಅದನ್ನು ಹೊದ್ದರೆ ಬೆನ್ನ ಮೇಲೆ ಬಿದ್ದ ನೀರು ಜಾರಿ ಹೋಗುತ್ತದೆ, ಮುಂದುಗಡೆ ತೆರೆದೇ ಇರುವುದರಿಂದ ಗಾಳಿ ಆಡುತ್ತದೆ, ಎರಡೂ ಕೈ ಕೆಲಸಕ್ಕೆ ಬಿಡುವಾಗಿರುತ್ತವೆ. ಕೊಡೆಗೆ ಮೂರನೆಯದು ಆಗದು, ರೈನ್‌ಕೋಟಿಗೆ ಎರಡನೆಯದು ಆಗದು. ಮಾವ ಬಾಯಿಮಾತಿಗೆ ಹೇಳಿದ್ದು ನನ್ನ ತಲೆಯೊಳಗೆ ಕೂತುಬಿಟ್ಟಿತು. ಅಂದಿನಿಂದ ಬ್ರಹ್ಮಾವರದಿಂದ ಬೈಂದೂರಿನವರೆಗೆ ಕಂಡ ಕಂಡ ಮನೆ, ಗೋಡೆ, ಗುಡಿ, ಹೊಳೆದಂಡೆಗಳನ್ನೆಲ್ಲ ಒಂದೇ ಪ್ರಶ್ನೆ ಹಿಡಿದು ನೋಡುತ್ತಾ ಹೋದೆ. ಇದು ನೀರನ್ನು ಹೇಗೆ ಕಳಿಸಿಕೊಡುತ್ತದೆ?

ಎಷ್ಟು ನೀರು ಎಂದು ಮೊದಲು ಲೆಕ್ಕ ಹಾಕಿ ನೋಡಿ, ತಲೆ ತಿರುಗುತ್ತದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ, ಬೆಂಗಳೂರಿನ ನಾಲ್ಕು ಪಟ್ಟು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಅಂದರೆ 100 ಚದರ ಮೀಟರಿನ ಸಾಧಾರಣ ಮನೆಯೊಂದರ ಮಾಡು ವರ್ಷಕ್ಕೆ 4 ಲಕ್ಷ ಲೀಟರ್ ನೀರನ್ನು ತಲೆಯ ಮೇಲಿಂದ ಇಳಿಸಿ ಕಳಿಸಬೇಕು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿ ಒರೆಸಿಕೊಂಡು ಹೋದಾಗ ಇಲ್ಲಿನ ನಾಡ ಗ್ರಾಮದ ಮಳೆಮಾಪಕದಲ್ಲಿ ಒಂದೇ ದಿನ 385 ಮಿ.ಮೀ. ದಾಖಲಾಯಿತು. ಲಂಡನ್ ನಗರದಲ್ಲಿ ಏಳೆಂಟು ತಿಂಗಳು ಬೀಳುವ ಮಳೆ ಒಂದು ಹಗಲು ಒಂದು ರಾತ್ರಿಯಲ್ಲಿ! ಆ ಒಂದು ದಿನ ನಾಡದ ಪ್ರತಿ ಸಾಧಾರಣ ಮಾಡಿನ ಮೇಲೆ ಸುಮಾರು 38 ಟನ್ ನೀರು ಹಾದುಹೋಯಿತು. ಅದೂ ಮೇ ತಿಂಗಳಲ್ಲಿ, ಮಳೆಗಾಲ ಇನ್ನೂ ಶುರುವಾಗದ ಹೊತ್ತಿನಲ್ಲಿ. ಅರಬ್ಬಿ ಸಮುದ್ರ ಬಿಸಿಯೇರುತ್ತಿದೆ, ಒಂದು ಕಾಲಕ್ಕೆ ಬಂಗಾಳ ಕೊಲ್ಲಿಯ ಕಡೆಯವರ ತಲೆನೋವು ಎಂದುಕೊಂಡಿದ್ದ ಚಂಡಮಾರುತಗಳು ಇತ್ತ ಕಡೆಯೂ ಹೆಚ್ಚುತ್ತಿವೆ.

ಇಂಥ ಮಳೆಯ ಕೆಳಗೆ ಚಪ್ಪಟೆ ಮಾಡು! ನಮ್ಮದೇ ಕತೆ ಹೇಳಿಬಿಡುತ್ತೇನೆ. ಅಜ್ಜಿಯ ಹೆಂಚಿನ ಮನೆ ಕೆಡವಿ ಇದೇ ಜಾಗದಲ್ಲಿ ಟೆರೇಸು ಮನೆ ಎದ್ದಾಗ ನಾನು ಚಿಕ್ಕವ, ಟೆರೇಸಿನ ಮೇಲೆ ಗಾಳಿಪಟ ಬಿಡಬಹುದೆಂದು ಕುಣಿದಿದ್ದೆ. ಮೂರನೇ ಮಳೆಗಾಲಕ್ಕೆ ನಡುಕೋಣೆಯಲ್ಲಿ ಎರಡು ಬಾಲ್ದಿ, ಒಂದು ಚರಿಗೆ. ಬಿಸಿಲಿಗೆ ಸ್ಲ್ಯಾಬು ಹಿಗ್ಗುತ್ತದೆ, ಮಳೆಗೆ ಕುಗ್ಗುತ್ತದೆ, ಕೂದಲೆಳೆಯ ಬಿರುಕು ಬಿಡುತ್ತದೆ. ಚಪ್ಪಟೆ ಮೈಯ ಮೇಲೆ ನಿಂತ ನೀರಿಗೆ ಅಷ್ಟು ದಾರಿ ಸಾಕು. ಕಡಲ ಗಾಳಿಯ ಉಪ್ಪು ಅದರ ಜೊತೆಗೂಡಿ ಒಳಗಿನ ಸರಳಿಗೆ ಮುಟ್ಟುತ್ತದೆ. ಸರಳು ತುಕ್ಕು ಹಿಡಿದಾಗ ಅದರ ಗಾತ್ರ ಹಲವು ಪಟ್ಟು ಉಬ್ಬುತ್ತದೆ, ಉಬ್ಬಿದ್ದು ತನ್ನನ್ನು ಹಿಡಿದಿಟ್ಟ ಕಾಂಕ್ರೀಟನ್ನೇ ಒಳಗಿನಿಂದ ಒಡೆಯುತ್ತದೆ. ಗಂಗೊಳ್ಳಿ, ಮರವಂತೆ, ಉಪ್ಪುಂದ, ಕಡಲಿಗೆ ಹತ್ತಿರವಾದಷ್ಟೂ ಇದು ಬೇಗ. ಆಗ ಊರವರು ಮಾಡಿದ್ದು ಇಷ್ಟೇ: ಕಂಬ ನೆಟ್ಟರು, ಶೀಟು ಹೊದಿಸಿದರು, ಇಳಿಜಾರು ಕೊಟ್ಟರು. ವಾಸ್ತುಶಿಲ್ಪಿಯನ್ನು ಕೇಳಲಿಲ್ಲ, ಸರಕಾರ ಹೇಳಲಿಲ್ಲ. ಇಡೀ ಕರಾವಳಿ ಒಂದು ತಲೆಮಾರಿನೊಳಗೆ ತನ್ನ ತಪ್ಪನ್ನು ತಾನೇ ಕಂಡುಕೊಂಡು ತಿದ್ದಿಕೊಂಡ ಈ ಸದ್ದಿಲ್ಲದ ಚಳವಳಿಗೆ ಇನ್ನೂ ಯಾರೂ ಹೆಸರಿಟ್ಟಂತಿಲ್ಲ.

ತುಕ್ಕಿನ ಮಾತು ಬಂತಲ್ಲ, ನನ್ನನ್ನು ನಿಂತಲ್ಲೇ ನಿಲ್ಲಿಸಿದ ಸಂಗತಿಯೊಂದಿದೆ.

ಬ್ರಹ್ಮಾವರದ ಒಳಗಡೆ ಕೆಂಪುಕಲ್ಲಿನ, ಅಂದರೆ ಮುರಕಲ್ಲಿನ, ಕೋರೆಯೊಂದರ ಅಂಚಿನಲ್ಲಿ ನಿಂತು ಕಲ್ಲು ಕಡಿಯುವುದನ್ನು ನೋಡುತ್ತಿದ್ದೆ. ಈಗ ಯಂತ್ರದ ಗರಗಸ ಬಂದಿದೆ, ಹಿಂದೆ ಕೊಡಲಿಯಲ್ಲೇ ಕಡಿಯುತ್ತಿದ್ದರು. ಕಲ್ಲನ್ನು ಕೊಡಲಿಯಲ್ಲಿ! ಮುರಕಲ್ಲು ನೆಲದೊಳಗಿರುವಾಗ ಹಸಿಯಾಗಿ ಮೆದುವಾಗಿರುತ್ತದೆ, ಹಲಸಿನ ಕಾಯಿ ಹೆಚ್ಚಿದ ಹಾಗೆ ಚೌಕಾಕಾರಕ್ಕೆ ಕಡಿದು ಎತ್ತಬಹುದು. ಹೊರಗಿಟ್ಟು ಗಾಳಿ ಬಿಸಿಲು ಕಾಣಿಸಿದರೆ ತಾನಾಗಿ ಗಟ್ಟಿಯಾಗುತ್ತದೆ. ಕೋರೆಯ ಹಿರಿಯ ಕೆಲಸಗಾರರೊಬ್ಬರು ಕಲ್ಲಿನ ಮೇಲೆ ಕೈಯಿಟ್ಟು ಹೇಳಿದರು, "ಕಾಣಿ ಮಾರ್ರೆ, ಒಳ್ಗ್ ಇಪ್ಪತಿಗೆ ಬೆಣ್ಣಿ, ಹೊರ್ಗ್ ಬಂದ್ರ್ ಕಬ್ಣ."

ಕಬ್ಬಿಣ! ಅವರು ಉಪಮೆಗೆ ಹೇಳಿದ್ದು, ಆದರೆ ಅದು ಅಕ್ಷರಶಃ ನಿಜ. ಲಕ್ಷಾಂತರ ವರ್ಷ ಮಳೆ ಬಂಡೆಯನ್ನು ತೊಳೆದು ತೊಳೆದು, ಕರಗುವುದನ್ನೆಲ್ಲ ಹೊತ್ತೊಯ್ದು, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳನ್ನು ಉಳಿಸಿಹೋದದ್ದೇ ಮುರಕಲ್ಲು. ಅದರ ಕೆಂಪು ತುಕ್ಕಿನ ಕೆಂಪು. ಹೊರಗೆ ಬಂದು ಒಣಗುವಾಗ ಆ ಕಬ್ಬಿಣದ ಆಕ್ಸೈಡು ಹರಳುಗಟ್ಟಿ ಕಲ್ಲನ್ನು ಬಿಗಿಯುತ್ತದೆ. ಟೆರೇಸನ್ನು ಒಡೆಯುವ ಅದೇ ತುಕ್ಕು ಈ ಕಲ್ಲನ್ನು ಕಟ್ಟಿ ನಿಲ್ಲಿಸಿದೆ! ತುಕ್ಕು ಹಿಡಿಯುವಷ್ಟು ಹಿಡಿದು ಮುಗಿದಿರುವುದಕ್ಕೆ ಕಡಲ ಗಾಳಿ ಇನ್ನೇನು ಮಾಡೀತು? ಬಸ್ರೂರಿನ ಹಳೆಯ ಗೋಡೆಗಳ ಮುಂದೆ ನಿಂತರೆ ಇದು ಮನವರಿಕೆಯಾಗುತ್ತದೆ. ಶಿವಾಜಿ 1665ರಲ್ಲಿ ಕಡಲ ಮಾರ್ಗವಾಗಿ ಬಂದು ದಾಳಿಯಿಟ್ಟ ಬಂದರಿದು. ಅಲ್ಲಿನ ತುಳುವೇಶ್ವರನ ಗುಡಿಯನ್ನು ಆಲದ ಮರವೊಂದು ಬೇರಿನಲ್ಲಿ ಅಪ್ಪಿಕೊಂಡು ನಿಂತಿದೆ, ಕಲ್ಲು ಯಾವುದು ಬೇರು ಯಾವುದು ಎಂದು ಹೇಳುವ ಹಾಗಿಲ್ಲ.

ಈ ಕಲ್ಲಿಗೆ ಜಗತ್ತು ಬಳಸುವ ಹೆಸರು ಲ್ಯಾಟರೈಟ್. ಇಟ್ಟಿಗೆಗೆ ಲ್ಯಾಟಿನ್ ಭಾಷೆಯಲ್ಲಿ ಲೇಟರ್ ಎನ್ನುತ್ತಾರೆ, ಅದರಿಂದ ಬಂತು. ಹೆಸರಿಟ್ಟವನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡು ಬೆರಗಾದವನು 1801ರಲ್ಲಿ ನಮ್ಮ ಕಡೆಗೆ ಬಂದು ಬ್ರಹ್ಮಾವರ, ಕುಂದಾಪುರ, ಬೈಂದೂರುಗಳನ್ನು ದಾಟಿ ಉತ್ತರಕ್ಕೆ ಹೋದ. 1807ರಲ್ಲಿ ಅವನ ಪ್ರವಾಸದ ಪುಸ್ತಕ ಅಚ್ಚಾಯಿತು. ಇಟ್ಟಿಗೆ ಎಂದದ್ದು ಸರಿಯಾಗಿಯೇ ಇದೆ. ವ್ಯತ್ಯಾಸವೆಂದರೆ ಇದನ್ನು ಸುಡಬೇಕಿಲ್ಲ. ಒಂದು ಟನ್ ಸಿಮೆಂಟು ಮಾಡುವಾಗ ಅರ್ಧ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರುತ್ತದೆ. ಗೂಡಿಗೆ ಹಾಕಿದ ಕಲ್ಲಿದ್ದಲಿನದ್ದು ಒಂದು ಪಾಲು, ಸುಣ್ಣದಕಲ್ಲು ಬೇಯುವಾಗ ತನ್ನೊಳಗಿನಿಂದಲೇ ಬಿಡುವುದು ಅದಕ್ಕಿಂತ ದೊಡ್ಡ ಪಾಲು. ಮನುಷ್ಯರು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇ. 7ರಿಂದ 8 ಸಿಮೆಂಟೊಂದರದ್ದೇ. ಮುರಕಲ್ಲಿನ ಗೂಡಿಗೆ ಬೆಂಕಿ ಹಾಕುವವನು ಸೂರ್ಯ. ಕೋರೆಯಿಂದ ಮನೆಗೆ ಲಾರಿಯಲ್ಲಿ ಅರ್ಧ ಗಂಟೆ.

ಆದರೆ ಈ ಕಲ್ಲಿಗೊಂದು ದೌರ್ಬಲ್ಯವಿದೆ, ಅದರಿಂದಲೇ ಇಲ್ಲಿಯ ಮನೆಗೆ ಅದರ ಆಕಾರ ಬಂದದ್ದು. ಕಲ್ಲಿನ ತುಂಬ ತೂತು. ಇರಿಚಲು ಬಡಿದರೆ ನೀರು ಕುಡಿಯುತ್ತದೆ. ಹಾಗಾಗಿ ಗೋಡೆಯನ್ನು ಮಳೆಗೆ ಒಡ್ಡುವಂತಿಲ್ಲ, ಮಾಡನ್ನು ಗೋಡೆಯಿಂದಾಚೆ ತುಂಬ ದೂರ ಚಾಚಿ ಕೆಳಕ್ಕೆ ಇಳಿಸಬೇಕು. ಚಾಚಿದ ಮಾಡಿನ ಕೆಳಗೆ ತಾನಾಗಿ ಒಂದು ಜಗಲಿ ಹುಟ್ಟಿತು. ಜಗಲಿಯಲ್ಲಿ ಅಡಿಕೆ ಸುಲಿದರು, ತಾಳಮದ್ದಳೆ ಮಾಡಿದರು, ಹೆಣ್ಣು ನೋಡಲು ಬಂದವರನ್ನು ಕೂರಿಸಿದರು. ಮನೆತನದ ಗತ್ತು ಮೆರೆಸಲು ಕಟ್ಟಿದ್ದೆಂದು ನಾನು ತಿಳಿದಿದ್ದ ಆ ಚಾವಡಿ ಜಗಲಿಗಳೆಲ್ಲ ಕಲ್ಲಿನ ತೂತುಗಳಿಗೆ ಕೊಟ್ಟ ಉತ್ತರ! ಅಷ್ಟೂ ಸಾಲದೆಂದು ಮೇ ಕೊನೆಗೆ ತೆಂಗಿನ ಮಡಲಿನ ತಟ್ಟಿ ಹೆಣೆದು ಜಗಲಿಯ ಪಡುಬದಿಗೆ ಕಟ್ಟುತ್ತಿದ್ದರು, ಮಳೆ ಹೋದ ಮೇಲೆ ಬಿಚ್ಚಿ ಒಲೆಗೆ ಹಾಕುತ್ತಿದ್ದರು. ವರ್ಷಕ್ಕೆ ನಾಲ್ಕು ತಿಂಗಳಷ್ಟೇ ಇರುವ ಗೋಡೆ ಅದು.

ಇನ್ನು ಹೆಂಚು. ಇದರ ಜಾತಕ ಬಿಡಿಸಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಈ ಹೆಂಚನ್ನು ಕಂಡುಹಿಡಿದವರು ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಆಲ್ಟ್‌ಕಿರ್ಶ್ ಎಂಬ ಊರಿನ ಗಿಲಾರ್ಡೋನಿ ಸಹೋದರರು, 1841ರಲ್ಲಿ. ಆ ಊರಿನಿಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಕೂಗಳತೆಯ ದೂರ. ಬಾಸೆಲ್‌ನಿಂದ ಹೊರಟ ಮಿಷನ್ನಿನವರು ಮಂಗಳೂರಿಗೆ ಬಂದರು, ಅವರಲ್ಲಿ ಒಬ್ಬ ಗೇಯಾರ್ಗ್ ಪ್ಲೇಬ್ಸ್ಟ್, ನೇತ್ರಾವತಿ ಗುರುಪುರ ಹೊಳೆಗಳ ಜೇಡಿಮಣ್ಣು ಹಿಸುಕಿ ನೋಡಿ, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ಹಿಮ ಬೀಳುವ ಊರಿಗೆಂದು ಹುಟ್ಟಿದ ಹೆಂಚು ಮುಂಗಾರಿನ ಊರಿಗೆ ಹೇಳಿ ಮಾಡಿಸಿದಂತೆ ಕೂತಿತು. ಮಂಗಳೂರು ಹೆಂಚು ಎಂದು ಹೆಸರಾಗಿ ಪೂರ್ವ ಆಫ್ರಿಕಾಕ್ಕೂ ಆಸ್ಟ್ರೇಲಿಯಕ್ಕೂ ಹಡಗು ಹತ್ತಿತು. ಕುಂದಾಪುರದ ಹೊಳೆ ಬದಿಗಳಲ್ಲೂ ಹೆಂಚಿನ ಕಾರ್ಖಾನೆಗಳ ಹೊಗೆಕೊಳವೆಗಳು ಎದ್ದವು.

ಹೆಂಚನ್ನು ಮಗುಚಿ ನೋಡಿದ್ದೀರಾ? ನೋಡಿ, ಒಮ್ಮೆ. ಎರಡು ಅಂಚಿನಲ್ಲಿ ಏಣು, ಇನ್ನೆರಡರಲ್ಲಿ ತೋಡು. ಒಂದರ ಏಣು ಇನ್ನೊಂದರ ತೋಡಿನಲ್ಲಿ ಕೂರುತ್ತದೆ. ಗಾರೆಯಿಲ್ಲ, ಮೊಳೆಯಿಲ್ಲ. ರೀಪಿಗೆ ಸಿಕ್ಕಿಸಲು ಹಿಂಬದಿಯಲ್ಲೊಂದು ಮೂಗು. ಗಾಳಿಗೆ ಸಿಕ್ಕಿದ ಮಳೆ ಅಡ್ಡಡ್ಡ ಬಡಿದು ಏಣು ಹಾರಿದರೂ ತೋಡಿನೊಳಗೆ ಬಿದ್ದು ಕೆಳಗಿನ ಹೆಂಚಿನ ಬೆನ್ನಿಗೆ ಇಳಿಯುತ್ತದೆ. ಒಂದು ಚದರ ಮೀಟರಿಗೆ ಸುಮಾರು ಹದಿನೈದು ಹೆಂಚು, ನಮ್ಮ 100 ಚದರ ಮೀಟರಿಗೆ ಸಾವಿರದ ಐನೂರರ ಮೇಲೆ. ಅಂದರೆ ಸಾವಿರದ ಐನೂರು ಚಿಕ್ಕ ಚಿಕ್ಕ ಸಂದುಗಳು. ನೀರಿಗೆ ಮುಚ್ಚಿದ ಆ ಸಂದುಗಳು ಗಾಳಿಗೆ ತೆರೆದಿವೆ!

ಇದು ಎಷ್ಟು ಮುಖ್ಯವೆಂದು ಏಪ್ರಿಲ್ ತಿಂಗಳ ರಾತ್ರಿ ಬೈಂದೂರಿನಲ್ಲಿ ಮಲಗಿದವರಿಗೆ ಗೊತ್ತು. ಇಲ್ಲಿಯ ಸೆಕೆ ಬಳ್ಳಾರಿಯ ಬಿಸಿಲಿನಂತಲ್ಲ. ಗಾಳಿಯಲ್ಲೇ ನೀರು ತುಂಬಿರುವಾಗ ಮೈಯ ಬೆವರು ಆರುವುದಿಲ್ಲ, ಆರಬೇಕಾದರೆ ಗಾಳಿ ಚಲಿಸಲೇಬೇಕು. ಬಳ್ಳಾರಿಯಲ್ಲಿ ದಪ್ಪ ಮಣ್ಣಿನ ಮಾಳಿಗೆ ಹಗಲಿನ ಉರಿ ತಡೆಯುತ್ತದೆ, ರಾತ್ರಿ ತಂಪಾಗುತ್ತದೆ. ಕರಾವಳಿಯಲ್ಲಿ ರಾತ್ರಿಯೂ ತಂಪಿಲ್ಲ, ದಪ್ಪ ಸ್ಲ್ಯಾಬು ಹಗಲಿಡೀ ಕುಡಿದ ಬಿಸಿಲನ್ನು ರಾತ್ರಿಯಿಡೀ ಮಲಗಿದವರ ಮೇಲೆ ಉಗುಳುತ್ತದೆ. ಹೆಂಚಿನ ಮಾಡು ಹಗುರ, ಸೂರ್ಯ ಮುಳುಗಿದ ಮೇಲೆ ಬೇಗ ಆರುತ್ತದೆ. ಮನೆಯೊಳಗಿನ ಬಿಸಿ ಗಾಳಿ ಮೇಲೇರಿ ಆ ಸಂದುಗಳಲ್ಲಿ ನುಸುಳಿ ಹೋಗುತ್ತದೆ, ಅದರ ಜಾಗಕ್ಕೆ ಜಗಲಿಯ ನೆರಳಿನ ಗಾಳಿ ಒಳಬರುತ್ತದೆ. ಉಳ್ಳವರ ಮನೆಯಲ್ಲಿ ಮಾಡಿಗೂ ಕೋಣೆಗೂ ನಡುವೆ ಮರದ ಮುಚ್ಚಿಗೆ, ಅದರ ಮೇಲೆ ಮಣ್ಣು ಮೆತ್ತಿದ ಅಟ್ಟ. ಹೆಂಚಿನ ಕಾವು ಅಟ್ಟದಲ್ಲೇ ಉಳಿಯುತ್ತದೆ, ಅಲ್ಲಿಟ್ಟ ಸೌತೆಕಾಯಿಯೂ ಬಿತ್ತನೆಯ ಭತ್ತವೂ ಅದೇ ಕಾವಿಗೆ ಕೆಡದೆ ಇರುತ್ತವೆ. ನಡುವಂಗಳವಿದ್ದ ಚೌಕಿ ಮನೆಯಾದರೆ ಅದೇ ಒಂದು ಚಿಮಣಿ.

ಈ ಇಳಿಜಾರು ಎಲ್ಲಿಯವರೆಗೆ ಹಿಂದಕ್ಕೆ ಹೋಗುತ್ತದೆ ಎಂದು ಹುಡುಕಿಕೊಂಡು ಬಾರ್ಕೂರಿಗೆ ಹೋದೆ. ಆಳುಪರ ರಾಜಧಾನಿ, ಸೀತಾ ಹೊಳೆಯ ದಂಡೆ, ವರ್ಷದ ದಿನಕ್ಕೊಂದರಂತೆ 365 ದೇವಸ್ಥಾನಗಳಿದ್ದವೆಂದು ಹೇಳಿಕೊಳ್ಳುವ ಊರು. ಅಲ್ಲಿಯ ಕತ್ತಲೆ ಬಸದಿಯ ಮಾಡು ಕಲ್ಲಿನದು, ಮತ್ತು ಇಳಿಜಾರು! ಬಯಲುಸೀಮೆಯಲ್ಲಿ ಕಲ್ಲಿನ ಗುಡಿಗೆ ಚಪ್ಪಟೆ ಸೂರು, ಮೇಲೆ ಗೋಪುರ. ಇಲ್ಲಿ ಕಲ್ಲು ಚಪ್ಪಡಿಗಳನ್ನು ಸೋಗೆಯ ಹಾಗೆ, ಹಲಗೆಯ ಹಾಗೆ ಒಂದರ ಮೇಲೊಂದು ಇಳಿಸಿದ್ದಾರೆ. ಮರದಲ್ಲಿ ಕಲಿತ ಪಾಠವನ್ನು ಶಿಲ್ಪಿ ಕಲ್ಲಿಗೆ ಹೇಳಿಕೊಟ್ಟಿದ್ದಾನೆ. ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದಲ್ಲೂ ಇದೇ ಜಾಣತನ. ಹತ್ತೊಂಬತ್ತನೇ ಶತಮಾನದಲ್ಲಿ ಭಾರತದ ವಾಸ್ತುಶಿಲ್ಪದ ಇತಿಹಾಸ ಬರೆದ ಜೇಮ್ಸ್ ಫರ್ಗುಸನ್ ಮೂಡುಬಿದಿರೆಯ ಬಸದಿಗಳ ಮಾಡು ಕಂಡು, ನೇಪಾಳದ ಕಟ್ಟಡಗಳನ್ನು ನೆನೆದು ಅಚ್ಚರಿಪಟ್ಟಿದ್ದ. ಎಲ್ಲಿಯ ಹಿಮಾಲಯ, ಎಲ್ಲಿಯ ಕರಾವಳಿ, ಯಾರಿಂದ ಯಾರು ಕಲಿತರು ಎಂದು ಪಂಡಿತರು ಬೇಕಾದಷ್ಟು ತಲೆ ಕೆಡಿಸಿಕೊಳ್ಳಲಿ, ನನಗೆ ಆ ಮಾಡಿನ ಕೆಳಗೆ ನಿಂತಾಗ ಅನ್ನಿಸಿದ್ದು ಇಷ್ಟು: ಆಕಾಶ ಜೋರಾಗಿ ಸುರಿದ ಕಡೆಯೆಲ್ಲ ಮನುಷ್ಯ ಎರಡೂ ಅಂಗೈ ಜೋಡಿಸಿ ತಲೆಯ ಮೇಲೆ ಹಿಡಿದಿದ್ದಾನೆ.

ಇನ್ನೊಂದು ಬೆರಗು, ಚುಟುಕಾಗಿ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹೆರಿಟೇಜ್ ವಿಲೇಜ್ ಇದೆಯಲ್ಲ, ಅಲ್ಲಿರುವ ಹಳೆಯ ಮನೆಗಳನ್ನು ಅವು ಇದ್ದ ಊರಲ್ಲಿ ಬಿಚ್ಚಿ, ಗುರುತು ಹಾಕಿ, ಲಾರಿಯಲ್ಲಿ ತಂದು ಮತ್ತೆ ಜೋಡಿಸಿದ್ದು. ಕಂಬ, ತೊಲೆ, ಪಕ್ಕಾಸು ಎಲ್ಲ ಗೂಟ ಮತ್ತು ಕುಳಿಯ ಜೋಡಣೆಯಾದ್ದರಿಂದ ಅದು ಆಯಿತು. ಟೆರೇಸು ಮನೆಯನ್ನು ಬಿಚ್ಚಲು ನೋಡಿ. ಜೆಸಿಬಿ ಬರುತ್ತದೆ, ಉಳಿಯುವುದು ಹೊಂಡ ತುಂಬುವ ಚೂರು.

ಇಷ್ಟು ಹೊಗಳಿದ ಮೇಲೆ ಅಮ್ಮನ ಮಾತನ್ನೂ ಹೇಳಲೇಬೇಕು. ಹಳೆಯ ಮನೆ ಎಂದು ನಾನು ಬಾಯಿ ಬಿಟ್ಟಾಗಲೆಲ್ಲ ಅವಳು ಕೇಳುವುದು, "ಆ ಅಡುಗೆ ಕೋಣೆಯ ಹೊಗೆ ಕುಡಿದವರು ಯಾರು?" ಕತ್ತಲೆ, ಒರಲೆ, ಇಲಿ, ಇಲಿಯ ಹಿಂದೆ ಹಾವು. ಮಳೆಗಾಲಕ್ಕೆ ಮೊದಲು ಮಾಡು ಹತ್ತಿ ಒಡೆದ ಹೆಂಚು ಬದಲಿಸುವ ಕೆಲಸ, ಮಂಗ ಹಾರಿದರೆ ಮತ್ತೆ ಅದೇ ಕೆಲಸ. ಚೌಕಿ ಮನೆಯ ಹಲಸಿನ ಕಂಬಗಳು ಊರಿಗೆ ಒಂದೆರಡು ಮನೆತನಕ್ಕೆ, ಉಳಿದ ಬಹುಪಾಲು ಜನರಿಗೆ ಮಣ್ಣಿನ ಗೋಡೆ, ಮುಳಿಹುಲ್ಲಿನ ಮಾಡು, ಪ್ರತಿ ವರ್ಷ ಹೊಸ ಹುಲ್ಲು, ಬೇಸಿಗೆಯಲ್ಲಿ ಬೆಂಕಿಯ ಭಯ. ಹೆಂಚು ಸುಡಲು ಉರಿದ ಕಾಡಿನ ಲೆಕ್ಕವನ್ನೂ ಮರೆಯುವಂತಿಲ್ಲ. ಆ ಮುಳಿಹುಲ್ಲಿನ ಮಾಡಿನ ಕೆಳಗಿದ್ದವರ ಮಕ್ಕಳು ದುಬೈ ಮುಂಬೈಗಳಲ್ಲಿ ದುಡಿದು ಊರಲ್ಲಿ ಟೆರೇಸು ಹಾಕಿಸಿದಾಗ ಅದು ಬರೀ ಮಾಡಾಗಿರಲಿಲ್ಲ. ಅದನ್ನು ಹಂಗಿಸುವವರ ಜೊತೆ ನಾನಿಲ್ಲ. ನಾನು ಬೆರಗಾಗುತ್ತಿರುವುದು ಅದೇ ಮಕ್ಕಳು ಆ ಟೆರೇಸಿಗೆ ಗೊರಬು ಹೊದಿಸಿದ್ದಕ್ಕೆ. ಶೀಟು ಕಾಯುತ್ತದೆ, ಮಳೆಗೆ ಮಾತು ಕೇಳದಷ್ಟು ಸದ್ದು ಮಾಡುತ್ತದೆ, ಗಾಳಿಗೆ ಹಾರುತ್ತದೆ ಎಂಬುದೂ ನಿಜವೇ. ಆದರೆ ಅದರ ಕೆಳಗೆ ಬಟ್ಟೆ ಒಣಗುತ್ತದೆ, ಅಡಿಕೆ ಹರವಬಹುದು, ಸ್ಲ್ಯಾಬಿಗೆ ಬಿಸಿಲು ನೇರ ಬಡಿಯುವುದಿಲ್ಲ. ತೆರೆದ ಬದಿಗಳಲ್ಲಿ ಗಾಳಿ ಹಾಯುತ್ತದೆ. ಅಜ್ಜಿಯ ಅಟ್ಟ ಮರಳಿ ಬಂದಿದೆ, ಗೋಡೆಯಿಲ್ಲದೆ!

ಮನೆಯ ಮಾಡಿನಿಂದ ಬಿದ್ದ ನೀರು ಮುಂದೆ ಎಲ್ಲಿಗೆ ಹೋಗುತ್ತದೆಂದು ಹಿಂಬಾಲಿಸಿದೆ. ಅಂಗಳದಿಂದ ತೋಡಿಗೆ, ತೋಡಿನಿಂದ ಮದಗಕ್ಕೆ, ಮದಗ ತುಂಬಿ ಬಯಲು ಗದ್ದೆಗೆ, ಗದ್ದೆಯಿಂದ ಹೊಳೆಗೆ. ಪ್ರತಿ ಹಂತದಲ್ಲೂ ನೀರನ್ನು ಒಂದಿಷ್ಟು ಹೊತ್ತು ಕೂರಿಸಿ, ಉಪಚಾರ ಮಾಡಿ, ಮುಂದೆ ಕಳಿಸುವ ವ್ಯವಸ್ಥೆ. ಜಗಲಿಗೆ ಬಂದ ನೆಂಟರ ಹಾಗೆ! ಈಗ ಅಂಗಳಕ್ಕೆ ಇಂಟರ್‌ಲಾಕು, ಗದ್ದೆಗೆ ಮಣ್ಣು ತುಂಬಿ ಸೈಟು, ತೋಡಿಗೆ ಪೈಪು. 2020ರ ಸೆಪ್ಟೆಂಬರ್ 20ರಂದು ಉಡುಪಿ ಜಿಲ್ಲೆಯಲ್ಲಿ ನೆರೆ ಬಂದು, ಸ್ವರ್ಣಾ ಹೊಳೆ ಉಕ್ಕಿ, ದೋಣಿಗಳಲ್ಲಿ ಜನರನ್ನು ಸಾಗಿಸಬೇಕಾಗಿ ಬಂದ ದಿನ, ಕೂರಲು ಜಾಗ ಸಿಗದ ನೆಂಟರು ಸೀದಾ ಒಳಮನೆಗೇ ನುಗ್ಗಿದ್ದರು.

ಪಂಚಗಂಗಾವಳಿಯ ನಡುವೆ ಕುದ್ರುಗಳಿವೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕೇದಕ, ಕುಬ್ಜಾ ಐದೂ ಸೇರಿ ಗಂಗೊಳ್ಳಿಯ ಬಾಯಲ್ಲಿ ಕಡಲಿಗೆ ಬೀಳುವ ಮುನ್ನ ಬಿಟ್ಟುಹೋದ ನಡುಗಡ್ಡೆಗಳು. ಗೊಂಬೆಯಾಟದಿಂದ ಹೆಸರಾದ ಉಪ್ಪಿನಕುದ್ರು ಅವುಗಳಲ್ಲೊಂದು. ಈ ಹೊಳೆಗಳ ಅಂಚಿನಲ್ಲಿ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಕಾಡು, ನಿಂತಿದೆ. ಇಳಿತದ ಹೊತ್ತಿನಲ್ಲಿ ದೋಣಿಯಿಂದ ಅದರ ಬೇರುಗಳನ್ನು ನೋಡುವಾಗ ನನಗೆ ಮತ್ತೆ ಮಾತು ನಿಂತಿತು. ನೂರಾರು ಕಮಾನುಗಳು ಕೆಸರಿಗೆ ಊರಿವೆ, ಕಂಬದ ಮೇಲಿನ ಮನೆಯೊಂದರ ಹಾಗೆ. ಉಬ್ಬರದ ನೀರು ಅವುಗಳ ನಡುವೆ ಹಾದುಹೋಗುತ್ತದೆ, ಹಾದುಹೋಗುವಾಗ ವೇಗ ಕಳೆದುಕೊಂಡು ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸುತ್ತದೆ. ನೀರು ಬಂದಷ್ಟೂ ದಂಡೆ ಬೆಳೆಯುತ್ತದೆ! ಮನುಷ್ಯರು ಕಟ್ಟಿದ ಯಾವ ತಡೆಗೋಡೆ ಹಾಗೆ ಬೆಳೆದೀತು?

ಗೋಡೆ ಏನು ಮಾಡುತ್ತದೆಂದು ನೋಡಲು ಮರವಂತೆಗೆ ಹೋಗಬೇಕು. ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಕಡಲನ್ನು ಮುಟ್ಟಿಯೇಬಿಡುತ್ತಾಳೆ ಎನ್ನುವಷ್ಟರಲ್ಲಿ ಹೊಳೆ ತಿರುಗಿ ಮೈಲಿಗಟ್ಟಲೆ ತೆಂಕಕ್ಕೆ ಹೋಗುತ್ತಾಳೆ. ಮಳೆಗಾಲದ ತೆರೆ ಕಲ್ಲಿನ ಗೋಡೆಗೆ ಬಡಿದು ಹಿಂದಿರುಗುವಾಗ ಗೋಡೆಯ ಬುಡದ ಮರಳನ್ನು ಕೆರೆದುಕೊಂಡು ಹೋಗುತ್ತದೆ. ಬುಡ ಸಡಿಲಾದ ಕಲ್ಲು ಕುಸಿಯುತ್ತದೆ, ಮತ್ತೆ ಕಲ್ಲು ಸುರಿಯಬೇಕು. ಒಂದು ಕಡೆ ಗೋಡೆ ಕಟ್ಟಿದರೆ ದಂಡೆಗುಂಟ ಸಾಗುವ ಮರಳು ಅಲ್ಲಿ ಸಿಕ್ಕಿಕೊಂಡು, ಪಕ್ಕದ ಊರಿನ ದಂಡೆ ಹಸಿಯುತ್ತದೆ. ಹೆದ್ದಾರಿ ಉಳಿಯಬೇಕಾದ ಕಡೆ ಕಲ್ಲು ಹಾಕದೆ ಬೇರೆ ದಾರಿಯಿಲ್ಲ, ಒಪ್ಪಿದೆ. ಆದರೆ ಕೋಟದ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಓದಿದವರಿಗೆ ನೆನಪಿರಬಹುದು, ಕಡಲಿಗೂ ಹೊಳೆಗೂ ನಡುವಿನ ತುಂಡು ನೆಲದಲ್ಲಿ ಬದುಕುವವರ ಪಾಡು ಯಾವತ್ತೂ ಆ ಎರಡರ ಜೊತೆ ಮಾತುಕತೆಯ ಪಾಡೇ. ಬೈಂದೂರಿನ ಒತ್ತಿನೆಣೆಯಲ್ಲಿ ಗುಡ್ಡವೂ ಅದೇ ಹೇಳುತ್ತದೆ. ಮೇಲೆ ಗಟ್ಟಿ ಮುರಕಲ್ಲಿನ ಟೊಪ್ಪಿ, ಕೆಳಗೆ ನೀರು ಕುಡಿದರೆ ಜಾರುವ ಶೇಡಿಮಣ್ಣು. ರಸ್ತೆ ಅಗಲಿಸಲು ದರೆಯನ್ನು ನೆಟ್ಟಗೆ ಕಡಿದಾಗ ಮಳೆಗಾಲಕ್ಕೆ ಜಾರಿತು. ಗುಡ್ಡದ ಇಳಿಜಾರೂ ಒಂದು ಮಾಡೇ ಆಗಿತ್ತು, ಅದರ ಸೂರನ್ನು ಕತ್ತರಿಸಿದ್ದರು.

ರಾತ್ರಿ ಊಟಕ್ಕೆ ಕೂತಾಗ ಮಾವ ವಿಷಯ ತೆಗೆದರು. ಮಗನ ಮದುವೆಗೆ ಮುಂಚೆ ಹಿಂಬದಿಗೆ ಎರಡು ಕೋಣೆ ಎಬ್ಬಿಸಬೇಕು. ಹೆಂಚು ಹಾಕಿದರೆ ಮುಂದೆ ಮೇಲೆ ಕಟ್ಟಲಾಗದು, ಹಾಗಾಗಿ ಸ್ಲ್ಯಾಬೇ. ನಾನು ತಡೆಯಲಾರದೆ ಲಾರಿ ಬೇಕರ್ ಕತೆ ಶುರು ಮಾಡಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳದಲ್ಲಿ ನೆಲೆನಿಂತು 2007ರಲ್ಲಿ ತೀರಿಕೊಂಡ ಆ ವಾಸ್ತುಶಿಲ್ಪಿ ಸ್ಲ್ಯಾಬಿನೊಳಗೆ ಹಳೆಯ ಹೆಂಚು ತುಂಬುತ್ತಿದ್ದರು. ಸ್ಲ್ಯಾಬಿನಲ್ಲಿ ಭಾರ ಒತ್ತುವುದು ಮೇಲರ್ಧವನ್ನು, ಕೆಳಗರ್ಧದಲ್ಲಿ ಎಳೆತ ತಡೆಯುವುದು ಬರೀ ಸರಳು, ಅಲ್ಲಿಯ ಕಾಂಕ್ರೀಟಿಗೆ ಸರಳನ್ನು ಸುತ್ತಿ ಹಿಡಿಯುವುದರ ಹೊರತು ಹೆಚ್ಚು ಕೆಲಸವಿಲ್ಲ. ಹಾಗಿದ್ದ ಮೇಲೆ ಸರಳುಗಳ ನಡುವಿನ ಚೌಕಗಳಲ್ಲಿ ಎರಡೆರಡು ಹೆಂಚು ಮಗುಚಿ ಜೋಡಿಸಿ ಮೇಲೆ ಕಾಂಕ್ರೀಟು ಹಾಕಿದರೆ? ಕಾಂಕ್ರೀಟು ಉಳಿಯಿತು, ಭಾರ ಇಳಿಯಿತು, ಹೆಂಚುಗಳ ನಡುವೆ ಸಿಕ್ಕಿಕೊಂಡ ಗಾಳಿ ಬಿಸಿಲನ್ನೂ ತಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಆರಂಭಿಸಿದ ಅಸ್ತ್ರ ಕೇಂದ್ರದಲ್ಲೂ ಕೆ.ಎಸ್. ಜಗದೀಶ್ ಮತ್ತವರ ಜೊತೆಯವರು ಕಡಿಮೆ ಸಿಮೆಂಟಿನ, ಸುಡದ ಮಣ್ಣಿಟ್ಟಿಗೆಯ ಮನೆಗಳಿಗಾಗಿ ವರ್ಷಗಟ್ಟಲೆ ದುಡಿದರು. ಗೋಡೆಗೆ ಮುರಕಲ್ಲು ಇದ್ದೇ ಇದೆ, ಹೊರಗಡೆ ಗಾರೆ ಬೇಡ, ಸಾರಣೆ ಬೇಡ, ಮೇಲೆ ಹೇಗೂ ಗೊರಬು ಹಾಕುತ್ತೀರಿ, ಅದನ್ನು ಗೋಡೆಯಿಂದ ನಾಲ್ಕಡಿ ಆಚೆಗೆ ಚಾಚಿಸಿ…

ಮಾವ ಮಜ್ಜಿಗೆಯ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮತ್ತೆ, "ಒಡ್ದ್ ಹೆಂಚಾರೂ ಆತ್ತಾ?" ಎಂದರು.

ಆಗುತ್ತದೆ ಎಂದೆ.

ಹಿತ್ತಿಲಲ್ಲಿ ಬಾವಿಯ ಆಚೆ, ದಾಸವಾಳದ ಪೊದೆಯ ಹಿಂದೆ, ಅಜ್ಜಿಯ ಮನೆ ಕೆಡವಿದ ವರ್ಷ ಮಾವ ಜೋಡಿಸಿಟ್ಟ ಹೆಂಚಿನ ರಾಶಿ ಇನ್ನೂ ಇತ್ತು. ಮಾರಿ ಎಂದು ಎಷ್ಟೋ ಜನ ಕೇಳಿದ್ದರಂತೆ, ಏಕೋ ಕೊಟ್ಟಿರಲಿಲ್ಲ. ಮಳೆ ಹನಿಕಡಿಯುತ್ತಿತ್ತು. ಮಾವ ಟಾರ್ಚ್ ಹಿಡಿದರು, ನಾನು ಪಾಚಿ ಒರೆಸಿ ಎಣಿಸಲು ಕೂತೆ. ಮುನ್ನೂರ ನಲವತ್ತರ ಹತ್ತಿರ ಬಂದಾಗ ಲೆಕ್ಕ ತಪ್ಪಿತು, ಯಾಕೆಂದರೆ ಒಂದು ಹೆಂಚಿನ ಬೆನ್ನ ಮೇಲೆ ಬೆಕ್ಕಿನ ಹೆಜ್ಜೆಗಳು ಮೂಡಿದ್ದವು. ಯಾವುದೋ ಕಾರ್ಖಾನೆಯ ಅಂಗಳದಲ್ಲಿ, ಹೆಂಚು ಇನ್ನೂ ಹಸಿಯಾಗಿದ್ದಾಗ ಓಡಿಹೋದ ಬೆಕ್ಕು. ಮಾವ ಅದನ್ನು ಕೈಗೆ ತೆಗೆದುಕೊಂಡು, ಟಾರ್ಚಿನ ಬೆಳಕಲ್ಲಿ ತಿರುಗಿಸಿ ನೋಡಿ, ಬೇರೆಯಾಗಿ ಇಟ್ಟರು. "ಇದನ್ನ್ ಕೆಳ್ಗ್ ಕಾಂಬಂಗೆ ಹಾಕುಕ್ ಹೇಳ್ಕ್," ಎಂದರು. ನಾನು ಮತ್ತೆ ಒಂದರಿಂದ ಎಣಿಸಲು ಶುರು ಮಾಡಿದೆ.